ಹೆಬ್ಬೆರಳಿನ ಬುಡದ ನೋವಿಗೆ ಹೆಸರು ಸಿಕ್ಕ ಕತೆ

ಇತಿಹಾಸ ಅಂದರೆ ರಾಜರು, ಕೋಟೆ, ಯುದ್ಧ ಅಷ್ಟೇ ಅಲ್ಲ ಅನ್ನೋದು ಈ ಸರಣಿ ಕೇಳುವ ನಿಮಗೆ ಹೊಸ ಮಾತೇನಲ್ಲ. ಇವತ್ತು ಇನ್ನೂ ಚಿಕ್ಕ ಜಾಗಕ್ಕೆ ಹೋಗೋಣ. ಈ ಎಪಿಸೋಡ್ ಶುರು ಮಾಡೋಕೆ ಪ್ಲೇ ಬಟನ್ ಒತ್ತಿದಿರಲ್ಲ, ಆ ಹೆಬ್ಬೆರಳಿನ ಬುಡಕ್ಕೆ. ಅದು ಮಣಿಕಟ್ಟನ್ನು ಸೇರುವ ಜಾಗಕ್ಕೆ.

ಅಲ್ಲಿ ನೋವು ಬರೋದು ತುಂಬಾ ಸಾಮಾನ್ಯ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸೋಕೆ ಆಗದೆ ನಮ್ಮ ಕೈಗೆ ಕೊಡ್ತಾರೆ. ಒದ್ದೆ ಬಟ್ಟೆ ಹಿಂಡುವಾಗ ಮುಖ ಹಿಂಡ್ತಾರೆ. ಕೇಳಿದರೆ, "ಏನಿಲ್ಲ ಬಿಡೋ, ವಯಸ್ಸಾಯ್ತಲ್ಲ" ಅಂತಾರೆ. ನಮ್ಮಮ್ಮನಿಗೆ ಒಂದು ಕ್ಲಿನಿಕ್‌ನಲ್ಲೂ ಇದೇ ಉತ್ತರ ಸಿಕ್ಕಿತ್ತು. ಕೈ ಮುಟ್ಟಿಯೂ ನೋಡದೆ, ವಯಸ್ಸಿನ ನೋವು ಅಂತ ಮಾತ್ರೆ ಬರೆದು ಕಳಿಸಿದ್ದರು. ಈ 'ವಯಸ್ಸಾಯ್ತು' ಅನ್ನೋ ಮಾತು ಎಲ್ಲಿಂದ ಬಂತು, ಅದನ್ನು ದಾಟಿ ವೈದ್ಯರು ಈ ನೋವನ್ನು ಗುರುತಿಸಿದ್ದು ಯಾವಾಗ ಅಂತ ಹುಡುಕಿಕೊಂಡು ಹೋದೆ. ಸಿಕ್ಕಿದ್ದು ನೂರಮೂವತ್ತು ವರ್ಷದ ಕತೆ. ಅದನ್ನೇ ಇವತ್ತು ಹೇಳ್ತೀನಿ.

ನಶ್ಯದ ಗುಳಿ

ಮೊದಲು ನಿಮ್ಮ ಕೈ ನೋಡಿಕೊಳ್ಳಿ. ಬೈಕ್‌ನಲ್ಲಿ ಲಿಫ್ಟ್ ಕೇಳುವ ಹಾಗೆ ಹೆಬ್ಬೆರಳನ್ನು ಮೇಲೆತ್ತಿ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ಒಂದು ಸಣ್ಣ ಗುಳಿ ಕಾಣುತ್ತೆ. ಎರಡೂ ಕಡೆ ದಾರ ಎಳೆದ ಹಾಗೆ ಗಟ್ಟಿ ಗೆರೆಗಳು. ಅಂಗರಚನಾಶಾಸ್ತ್ರದ ಪುಸ್ತಕಗಳಲ್ಲಿ ಈ ಗುಳಿಯ ಹೆಸರು ನಿಜವಾಗಿಯೂ 'ನಶ್ಯದ ಡಬ್ಬಿ' ಅಂತಲೇ. ಹಿಂದೆ ಯುರೋಪಿನಲ್ಲಿ ನಶ್ಯ ಏರಿಸುವವರು ಪುಡಿಯನ್ನು ಆ ಗುಳಿಯಲ್ಲಿಟ್ಟು ಮೂಗಿಗೆ ಎಳೆದುಕೊಳ್ತಿದ್ದರು. ನಶ್ಯದ ಅಭ್ಯಾಸ ಇದ್ದ ತಾತಂದಿರನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ.

ಈ ಪುಟ್ಟ ಗುಳಿಯ ಆಸುಪಾಸಿನಲ್ಲಿ ಮೂರು ಬೇರೆ ಬೇರೆ ತೊಂದರೆಗಳು ವಾಸ ಮಾಡ್ತವೆ. ಇವತ್ತಿನ ಕತೆ ಪೂರ್ತಿ ಈ ಮೂರು ನೆರೆಹೊರೆಯವರದ್ದೇ.

ಒಂದು, ಗುಳಿಯ ಅಂಚಿನಲ್ಲಿ ಹೋಗುವ ಸ್ನಾಯುರಜ್ಜುಗಳು. ಹೆಬ್ಬೆರಳನ್ನು ಎತ್ತುವ ಹಗ್ಗಗಳು ಅಂದುಕೊಳ್ಳಿ. ಎರಡು, ಗುಳಿಯ ತಳದಲ್ಲಿರುವ ಸ್ಕೇಫಾಯ್ಡ್ ಅನ್ನೋ ಗೋಡಂಬಿ ಗಾತ್ರದ ಮೂಳೆ. ಮೂರು, ಸ್ವಲ್ಪ ಮುಂದೆ, ಹೆಬ್ಬೆರಳಿನ ಬುಡದ ಮೂಳೆ ಟ್ರಪೀಜಿಯಂ ಅನ್ನೋ ಮೂಳೆಯ ಮೇಲೆ ಕೂರುವ ಕೀಲು. ಸಂಧಿವಾತ ಹೆಚ್ಚಾಗಿ ಬರೋದು ಈ ಮೂರನೆಯ ಜಾಗಕ್ಕೆ. ಆದರೆ ಮೂರರಲ್ಲಿ ಯಾವುದಕ್ಕೆ ತೊಂದರೆ ಆದರೂ ನೋವು ಹೆಚ್ಚುಕಡಿಮೆ ಒಂದೇ ಕಡೆ. ಅದಕ್ಕೇ ಇವುಗಳನ್ನು ಬೇರೆ ಬೇರೆ ಮಾಡಿ ನೋಡೋಕೆ ವೈದ್ಯಶಾಸ್ತ್ರಕ್ಕೆ ಅಷ್ಟು ಕಾಲ ಹಿಡೀತು.

ಬಟ್ಟೆ ಒಗೆಯುವವಳ ಉಳುಕು

ಇಂಗ್ಲಿಷ್ ವೈದ್ಯ ವಿದ್ಯಾರ್ಥಿಗಳ ಪ್ರಸಿದ್ಧ ಪುಸ್ತಕ 'ಗ್ರೇಸ್ ಅನಾಟಮಿ'. ಅದರ 1893ರ ಆವೃತ್ತಿಯಲ್ಲಿ ಹೆಬ್ಬೆರಳಿನ ಕಡೆಯ ಮಣಿಕಟ್ಟು ನೋವಿಗೆ ಒಂದು ಹೆಸರು ಇದೆ: ಬಟ್ಟೆ ಒಗೆಯುವವಳ ಉಳುಕು. ಆ ಕಾಲದಲ್ಲಿ ವಾಷಿಂಗ್ ಮೆಷಿನ್ ಎಲ್ಲಿತ್ತು? ದಿನಗಟ್ಟಲೆ ದಪ್ಪ ಬಟ್ಟೆ ತಿರುಚಿ ಹಿಂಡುವ ಹೆಂಗಸರ ಕೈ ಅದು.

ಈ ಹೆಸರಲ್ಲಿ ರೋಗ ಎಲ್ಲಿದೆ ನೋಡಿ. ಎಲ್ಲೂ ಇಲ್ಲ. ಯಾರಿಗೆ ಬರುತ್ತೆ, ಯಾವ ಕೆಲಸದಿಂದ ಬರುತ್ತೆ ಅಂತ ಇದೆ, ಅಷ್ಟೇ. ಒಳಗೆ ಏನು ಕೆಟ್ಟಿದೆ ಅನ್ನೋದು ಇಲ್ಲ. 'ಆ ಕೆಲಸ ಮಾಡಿದರೆ ಹಾಗಾಗುತ್ತೆ ಬಿಡಿ' ಅನ್ನೋ ಧೋರಣೆ ಹೆಸರಿನಲ್ಲೇ ಕೂತಿದೆ. ನಮ್ಮ 'ವಯಸ್ಸಾಯ್ತಲ್ಲ' ಅನ್ನೋದು ಇದರ ತಮ್ಮ ಇದ್ದ ಹಾಗೆ.

1895: ಒಂದೇ ವರ್ಷ, ಎರಡು ಕೈ

ಎರಡೇ ವರ್ಷದಲ್ಲಿ ಇದು ಬದಲಾಯಿತು. ಸ್ವಿಟ್ಜರ್‌ಲ್ಯಾಂಡಿನ ಲಾ ಶೋ-ದ-ಫೋಂ ಅನ್ನೋ ಊರು ಗಡಿಯಾರ ತಯಾರಿಕೆಗೆ ಹೆಸರುವಾಸಿ. ಅಲ್ಲಿ ಫ್ರಿಟ್ಜ್ ಡಿ ಕ್ವೆರ್ವೇನ್ ಅನ್ನೋ ಯುವ ಸರ್ಜನ್ ಇದ್ದರು. ಹುಟ್ಟಿದ್ದು 1868ರಲ್ಲಿ, ಅಂದರೆ ಆಗ ಇನ್ನೂ ಮೂವತ್ತು ದಾಟಿರಲಿಲ್ಲ. 1895ರಲ್ಲಿ ಅವರು ಐದು ರೋಗಿಗಳ ಬಗ್ಗೆ ಒಂದು ಲೇಖನ ಬರೆದರು. ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಹತ್ತಿರ ಒಂದು ಕಿರಿದಾದ ಕೊಳವೆಯೊಳಗೆ ಹಾದು ಹೋಗ್ತವೆ. ಆ ಕೊಳವೆಯ ಗೋಡೆ ದಪ್ಪ ಆದರೆ ಒಳಗಿನ ರಜ್ಜು ಸಲೀಸಾಗಿ ಜಾರೋದಿಲ್ಲ, ನೋವು ಬರುತ್ತೆ. ಕೊಳವೆಯನ್ನು ಸೀಳಿ ಜಾಗ ಮಾಡಿಕೊಟ್ಟರೆ ನೋವು ಹೋಗುತ್ತೆ. ಕೇಳೋಕೆ ಸರಳ ಅನ್ನಿಸುತ್ತೆ. ಆದರೆ 'ಕೆಲಸದ ನೋವು' ಅಂತ ತಳ್ಳಿಹಾಕಿದ್ದಕ್ಕೆ ಒಂದು ನಿರ್ದಿಷ್ಟ ಜಾಗ, ಒಂದು ನಿರ್ದಿಷ್ಟ ಕಾರಣ ತೋರಿಸಿದ್ದು ದೊಡ್ಡ ಹೆಜ್ಜೆ. ಇವತ್ತಿಗೂ ಈ ತೊಂದರೆಗೆ ಅವರದ್ದೇ ಹೆಸರು.

ಅದೇ 1895ರ ಡಿಸೆಂಬರ್ 22. ಪಕ್ಕದ ಜರ್ಮನಿಯಲ್ಲಿ ವಿಲ್‌ಹೆಲ್ಮ್ ರಂಟ್‌ಗನ್ ತಾವು ಹೊಸದಾಗಿ ಕಂಡುಹಿಡಿದ ಕಿರಣಗಳಿಂದ ಹೆಂಡತಿ ಅನ್ನಾ ಬರ್ತಾ ಅವರ ಕೈಯ ಚಿತ್ರ ತೆಗೆದರು. ಬೆರಳಿನ ಮೂಳೆಗಳು, ಅವುಗಳ ಮೇಲೆ ಕಪ್ಪಗೆ ಒಂದು ಉಂಗುರ. ಜಗತ್ತು ನೋಡಿ ಬೆರಗಾದ ಆ ಎಕ್ಸ್-ರೇ ಕೈಯದ್ದೇ ಆಗಿತ್ತು.

ಹಾಗಾಗಿ ಒಂದೇ ವರ್ಷದಲ್ಲಿ ಎರಡು ದಾರಿ ತೆರೆದುಕೊಂಡವು. ಒಂದು, ಡಿ ಕ್ವೆರ್ವೇನ್ ಥರ ಒತ್ತಿ, ತಿರುಗಿಸಿ, ರೋಗಿಯ ಮಾತು ಕೇಳಿ ರೋಗ ಹಿಡಿಯೋದು. ಇನ್ನೊಂದು, ಒಳಗಿನ ಚಿತ್ರ ನೋಡಿ ಹಿಡಿಯೋದು. ಮುಂದಿನ ಕತೆ ಅಂದರೆ ಈ ಎರಡು ದಾರಿಗಳ ಹಗ್ಗಜಗ್ಗಾಟ.

ಮುಂದೆ ಹೋಗುವ ಮುಂಚೆ ಒಂದು ಸಣ್ಣ ವಿಷಯ. ಯೂಟ್ಯೂಬ್‌ನಲ್ಲಿ 'ಫಿಂಕಲ್‌ಸ್ಟೈನ್ ಟೆಸ್ಟ್' ಅಂತ ನೋಡಿರಬಹುದು: ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟು, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಗ್ಗಿಸೋದು. ನೋವು ಬಂದರೆ ಡಿ ಕ್ವೆರ್ವೇನ್ ಅಂತ. ನಿಜ ಹೇಳಬೇಕೆಂದರೆ ಅದು 1927ರಲ್ಲಿ ಐಕ್‌ಹಾಫ್ ಅನ್ನೋ ವೈದ್ಯ ಹೇಳಿದ ವಿಧಾನ. 1930ರಲ್ಲಿ ನ್ಯೂಯಾರ್ಕಿನ ಹ್ಯಾರಿ ಫಿಂಕಲ್‌ಸ್ಟೈನ್ ಹೇಳಿದ್ದರಲ್ಲಿ ವೈದ್ಯರೇ ರೋಗಿಯ ಹೆಬ್ಬೆರಳನ್ನು ಹಿಡಿದು ಎಳೀತಾರೆ. ಎರಡೂ ಕಲಸಿಹೋಗಿವೆ. ಮುಷ್ಟಿ ವಿಧಾನದಲ್ಲಿ ಆರೋಗ್ಯವಾಗಿರೋ ಕೈಯೂ ಸ್ವಲ್ಪ ನೋಯುತ್ತೆ. ಆದ್ದರಿಂದ ರಾತ್ರಿ ಹನ್ನೆರಡಕ್ಕೆ ಹಾಸಿಗೆಯಲ್ಲಿ ಕೂತು ಈ ಟೆಸ್ಟ್ ಮಾಡಿಕೊಂಡು ಗಾಬರಿ ಆಗಬೇಡಿ.

ಕುದುರೆ ಜೀನಿನ ಮೇಲಿನ ಹೆಬ್ಬೆರಳು

ಸ್ನಾಯುರಜ್ಜಿಗೆ ಹೆಸರು ಸಿಕ್ಕಿತು. ಕೀಲಿಗೆ? ಅದಕ್ಕೆ ಇನ್ನೂ ನಲವತ್ತು ವರ್ಷ ಕಾಯಬೇಕಾಯ್ತು.

ಫ್ರಾನ್ಸಿನ ಎಕ್ಸ್-ಲೆ-ಬ್ಯಾಂ ಬಿಸಿನೀರಿನ ಬುಗ್ಗೆಗಳ ಊರು. ಕೀಲುನೋವಿನವರು ಸ್ನಾನಕ್ಕೆ ಅಂತ ಬರುವ ಜಾಗ. ಅಲ್ಲಿನ ವೈದ್ಯ ಜಾಕ್ ಫೊರೆಸ್ತಿಯೇ ಸಂಧಿವಾತ ಚಿಕಿತ್ಸೆಯ ಇತಿಹಾಸದಲ್ಲಿ ದೊಡ್ಡ ಹೆಸರು. 1920ರ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್‌ಗೆ ರಗ್ಬಿಯಲ್ಲಿ ಬೆಳ್ಳಿ ತಂದ ತಂಡದಲ್ಲೂ ಇದ್ದವರು. 1937ರಲ್ಲಿ ಅವರು ಹೆಬ್ಬೆರಳಿನ ಬುಡದ ಕೀಲು ಸವೆಯೋದನ್ನು ಒಂದು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದರು. ಗ್ರೀಕಿನಲ್ಲಿ 'ರೈಜಾ' ಅಂದರೆ ಬೇರು. ಹೆಬ್ಬೆರಳಿನ ಬೇರಿನ ಸವೆತ ಅನ್ನೋ ಅರ್ಥದಲ್ಲಿ ಯುರೋಪಿನ ವೈದ್ಯರು ಇವತ್ತಿಗೂ ಅದನ್ನು 'ರೈಜಾರ್ಥ್ರೋಸಿಸ್' ಅಂತಾರೆ. ಅದರ ಹಿಂದಿನ ವರ್ಷ, 1936ರಲ್ಲಿ, ಫ್ರಾನ್ಸಿನವರೇ ಆದ ರಾಬರ್ ಅನ್ನೋ ವೈದ್ಯ ಈ ಕೀಲು ಸರಿಯಾಗಿ ಕಾಣಬೇಕಾದರೆ ಎಕ್ಸ್-ರೇಗೆ ಕೈಯನ್ನು ಹೇಗೆ ತಿರುಗಿಸಿ ಇಡಬೇಕು ಅಂತ ತೋರಿಸಿದ್ದರು. ಮಾಮೂಲಿ ಎಕ್ಸ್-ರೇಯಲ್ಲಿ ಪಕ್ಕದ ಮೂಳೆಗಳು ಇದರ ಮೇಲೆ ಬಿದ್ದು ಮುಚ್ಚಿಬಿಡ್ತವೆ.

ಈ ಕೀಲು ಯಾಕೆ ಸವೆಯುತ್ತೆ? ಇದರ ಆಕಾರ ಕುದುರೆಯ ಜೀನಿನ ಥರ. ಒಂದು ಮೂಳೆ ಜೀನು, ಇನ್ನೊಂದು ಸವಾರ. ಅದಕ್ಕೇ ಹೆಬ್ಬೆರಳು ಹಿಂದೆ ಮುಂದೆ, ಆ ಕಡೆ ಈ ಕಡೆ ಹೋಗುತ್ತೆ, ಉಳಿದ ಬೆರಳುಗಳ ತುದಿಯನ್ನು ಮುಟ್ಟುತ್ತೆ. ಸೂಜಿಗೆ ದಾರ ಪೋಣಿಸೋದು, ರಂಗೋಲಿ ಪುಡಿಯನ್ನು ಚಿಟಿಕೆಯಲ್ಲಿ ಹಿಡಿಯೋದು, ರೊಟ್ಟಿ ಮುರಿಯೋದು, ಎಲ್ಲ ಈ ಸ್ವಾತಂತ್ರ್ಯದಿಂದಲೇ. ಆದರೆ ಇಷ್ಟು ಸಡಿಲವಾದ ಕೀಲನ್ನು ಹಿಡಿದಿಡೋದು ಸುತ್ತಲಿನ ಅಸ್ಥಿರಜ್ಜುಗಳು. ಅವು ಸಡಿಲ ಆದರೆ ಸವಾರ ಜೀನಿನಿಂದ ಪಕ್ಕಕ್ಕೆ ಜಾರ್ತಾನೆ, ಮೃದ್ವಸ್ಥಿ ತೇಯುತ್ತೆ.

1977ರಲ್ಲಿ ಅಮೆರಿಕದ ಕೂನಿ ಮತ್ತು ಚಾವ್ ಇದರ ಮೇಲೆ ಬೀಳುವ ಭಾರದ ಲೆಕ್ಕ ಹಾಕಿದರು. ಹೆಬ್ಬೆರಳ ತುದಿಯಲ್ಲಿ 1 ಕಿಲೋ ಬಲದಿಂದ ಚಿವುಟಿ ಹಿಡಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಬೀಳುತ್ತೆ. ಜೋರಾಗಿ ಮುಷ್ಟಿ ಬಿಗಿದು ಹಿಡಿದರೆ 120 ಕಿಲೋವರೆಗೂ ಹೋಗಬಹುದು. ಬಾಟಲಿ ಮುಚ್ಚಳ ತಿರುಗಿಸೋದು ಸಣ್ಣ ಕೆಲಸ ಅಂತ ಇನ್ನು ಯಾರಿಗೂ ಹೇಳಬೇಡಿ.

ಎಕ್ಸ್-ರೇ ನೋಯೋದಿಲ್ಲ

ಎಕ್ಸ್-ರೇ ಬಂದ ಮೇಲೆ ಶ್ರೇಣಿಗಳೂ ಬಂದವು. 1957ರಲ್ಲಿ ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಕೀಲು ಸವೆತಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟರು. 1973ರಲ್ಲಿ ನ್ಯೂಯಾರ್ಕಿನ ಈಟನ್ ಮತ್ತು ಲಿಟ್ಲರ್ ಹೆಬ್ಬೆರಳಿನ ಬುಡಕ್ಕೇ ಅಂತ ನಾಲ್ಕು ಹಂತ ಮಾಡಿದರು. ಮೊದಲ ಹಂತದಲ್ಲಿ ಕೀಲು ಚೆನ್ನಾಗೇ ಕಾಣುತ್ತೆ. ಕೊನೆಯ ಹಂತದಲ್ಲಿ ಪಕ್ಕದ ಸ್ಕೇಫಾಯ್ಡ್ ಕೀಲಿಗೂ ಸವೆತ ಹಬ್ಬಿರುತ್ತೆ. ಮೂಳೆ ಡಾಕ್ಟರುಗಳು ಇವತ್ತಿಗೂ ಈ ಹಂತಗಳನ್ನೇ ಬಳಸ್ತಾರೆ.

ಆದರೆ 1994ರಲ್ಲಿ ಇಂಗ್ಲೆಂಡಿನ ಒಂದು ಅಧ್ಯಯನ ಪ್ರಕಟ ಆಯ್ತು. ಮುಟ್ಟು ನಿಂತ 143 ಹೆಂಗಸರ ಕೈ ಎಕ್ಸ್-ರೇ ನೋಡಿದ್ದರು. ನಾಲ್ವರಲ್ಲಿ ಒಬ್ಬರಿಗೆ ಹೆಬ್ಬೆರಳಿನ ಬುಡದಲ್ಲಿ ಸವೆತ ಕಂಡಿತು. ಅವರಲ್ಲಿ ನೋವು ಇದೆ ಅಂದವರು ಎಷ್ಟು ಗೊತ್ತಾ? ಶೇಕಡಾ 28 ಮಾತ್ರ. ಉಳಿದವರ ಎಕ್ಸ್-ರೇ ಕೆಟ್ಟದಾಗಿದ್ದರೂ ಕೈ ನೋಯ್ತಿರಲಿಲ್ಲ.

ಇದರ ಅರ್ಥ ಎರಡು. ಒಂದು, ಎಕ್ಸ್-ರೇಯಲ್ಲಿ ಸವೆತ ಇದೆ ಅಂದ ಮಾತ್ರಕ್ಕೆ ನೋವಿಗೆ ಅದೇ ಕಾರಣ ಅಂತ ಹೇಳೋಕಾಗಲ್ಲ, ಪಕ್ಕದ ಸ್ನಾಯುರಜ್ಜೂ ಕಾರಣ ಇರಬಹುದು. ಎರಡು, ಇದು ನಮ್ಮ 'ವಯಸ್ಸಾಯ್ತಲ್ಲ' ಮಾತಿಗೆ ಸಂಬಂಧಪಟ್ಟಿದ್ದು. ವಯಸ್ಸಿನ ಜೊತೆ ಸವೆತ ಬರುತ್ತೆ, ನಿಜ. ಆದರೆ ಸವೆತ ಇರುವ ಹೆಚ್ಚಿನವರಿಗೆ ನೋವಿಲ್ಲ ಅಂದ ಮೇಲೆ, ನೋವಿರೋ ಅಮ್ಮನಿಗೆ 'ಈ ವಯಸ್ಸಲ್ಲಿ ಎಲ್ಲರಿಗೂ ಹೀಗೇ' ಅಂತ ಹೇಳೋದು ತಪ್ಪು ಲೆಕ್ಕ. ಎಲ್ಲರಿಗೂ ಹೀಗೇ ಇರೋದಿಲ್ಲ.

ಮೂಳೆ ತೆಗೆದರು, ಮೀನು ಇಟ್ಟರು

ಈಗ ಚಿಕಿತ್ಸೆಗೆ ಬರೋಣ. ಇಲ್ಲಿ ಕತೆ ಸ್ವಲ್ಪ ತಮಾಷೆಯಾಗಿದೆ.

1949ರಲ್ಲಿ ಗರ್ವಿಸ್ ಅನ್ನೋ ಬ್ರಿಟಿಷ್ ಸರ್ಜನ್ ತುಂಬಾ ನೇರವಾದ ಉಪಾಯ ಪ್ರಕಟಿಸಿದರು. ಎರಡು ಮೂಳೆ ತಿಕ್ಕಿ ನೋವಾಗ್ತಿದೆ ತಾನೆ? ಒಂದನ್ನು ತೆಗೆದುಬಿಡಿ. ಜೀನಿನ ಮೂಳೆ ಟ್ರಪೀಜಿಯಂ ಅನ್ನು ಪೂರ್ತಿ ತೆಗೆದರು. ಆ ಖಾಲಿ ಜಾಗದಲ್ಲಿ ದೇಹವೇ ಗಾಯದ ನಾರು ತುಂಬಿಕೊಳ್ಳುತ್ತೆ. ಅದೇ ವರ್ಷ ಮುಲ್ಲರ್ ಇನ್ನೊಂದು ದಾರಿ ತೋರಿಸಿದರು: ಎರಡೂ ಮೂಳೆಗಳನ್ನು ಬೆಸೆದು ಕೀಲನ್ನೇ ಇಲ್ಲವಾಗಿಸೋದು. ನೋವು ಹೋಗುತ್ತೆ, ಬಲ ಇರುತ್ತೆ, ಆದರೆ ಕೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡೋದು ಕಷ್ಟ.

ಮೂಳೆ ತೆಗೆದು ಸುಮ್ಮನೆ ಬಿಟ್ಟರೆ ಹೆಬ್ಬೆರಳು ಕುಸಿದು ಕೆಳಗೆ ಬರಲ್ವಾ ಅನ್ನೋ ಚಿಂತೆ ಸರ್ಜನ್‌ಗಳಿಗೆ ಶುರುವಾಯ್ತು. ಸರಿ, ಖಾಲಿ ಜಾಗ ತುಂಬೋಣ ಅಂದುಕೊಂಡರು. 1960ರ ದಶಕದಲ್ಲಿ ಅಮೆರಿಕದ ಆಲ್‌ಫ್ರೆಡ್ ಸ್ವಾನ್ಸನ್ ಸಿಲಿಕಾನ್ ಮೂಳೆ ಮಾಡಿ ಇಟ್ಟರು. ಮುಂದೆ ಆ ಸಿಲಿಕಾನ್ ಸವೆದು, ಅದರ ಪುಡಿಯಿಂದ ಸುತ್ತಲೂ ಉರಿಯೂತ ಬರೋದು ಕಂಡಿತು. 1970ರಲ್ಲಿ ಫ್ರಾಯ್ಮ್‌ಸನ್ ರೋಗಿಯದ್ದೇ ಸ್ನಾಯುರಜ್ಜಿನ ಒಂದು ತುಂಡನ್ನು ಸುರುಳಿ ಸುತ್ತಿ ಜಾಗಕ್ಕೆ ತುರುಕಿದರು. ಡಬ್ಬಿಯಲ್ಲಿ ಸುತ್ತಿಟ್ಟ ಆಂಚೊವಿ ಮೀನಿನ ಹಾಗೆ ಕಾಣ್ತಿತ್ತು ಅಂತ ಸರ್ಜನ್‌ಗಳ ಬಾಯಲ್ಲಿ ಅದಕ್ಕೆ 'ಆಂಚೊವಿ' ಅಂತಲೇ ಹೆಸರು. ನಮ್ಮ ಕರಾವಳಿಯವರು ಬೊಳೆಂಜಿರ್ ನೆನಪಿಸಿಕೊಳ್ಳಿ. ಫ್ರಾನ್ಸಿನಲ್ಲಿ ದ ಲಾ ಕಾಫಿನಿಯೇರ್ ಸೊಂಟದ ಕೀಲಿನ ಥರ ಗುಂಡು ಮತ್ತು ಬಟ್ಟಲಿನ ಕೃತಕ ಕೀಲು ಮಾಡಿದರು. 1986ರಲ್ಲಿ ಬರ್ಟನ್ ಮತ್ತು ಪೆಲ್ಲಿಗ್ರಿನಿ ಮೂಳೆ ತೆಗೆದು, ಒಂದು ಸ್ನಾಯುರಜ್ಜಿನಿಂದ ಹೊಸ ಅಸ್ಥಿರಜ್ಜು ಕಟ್ಟಿ, ಉಳಿದದ್ದನ್ನು ಸುತ್ತಿ ಖಾಲಿ ಜಾಗಕ್ಕೆ ಇಡುವ ಶಸ್ತ್ರಚಿಕಿತ್ಸೆ ಹೇಳಿದರು. ಅಮೆರಿಕದಲ್ಲಿ ಅದು ತುಂಬಾ ಜನಪ್ರಿಯ ಆಯ್ತು.

ಅರ್ಧ ಶತಮಾನ ಸರ್ಜನ್‌ಗಳು ಒಂದರ ಮೇಲೊಂದು ಕೆಲಸ ಸೇರಿಸುತ್ತಲೇ ಹೋದರು. ಇಷ್ಟೆಲ್ಲ ಸೇರಿಸಿದ್ದರಿಂದ ರೋಗಿಗೆ ಲಾಭ ಆಯ್ತಾ ಅಂತ ಯಾರಾದರೂ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು.

183 ಹೆಬ್ಬೆರಳು

ನೋಡಿದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಂನಲ್ಲಿ, ಟಿಮ್ ಡೇವಿಸ್ ಮತ್ತು ಅವರ ತಂಡ. ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮೂಳೆ ತೆಗೆದದ್ದು ಅಷ್ಟೇ. ಎರಡನೆಯದಕ್ಕೆ ಮೂಳೆ ತೆಗೆದು ರಜ್ಜಿನ ಸುರುಳಿ. ಮೂರನೆಯದಕ್ಕೆ ಮೂಳೆ, ಸುರುಳಿ, ಜೊತೆಗೆ ಹೊಸ ಅಸ್ಥಿರಜ್ಜು. ಯಾರಿಗೆ ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ ತೀರ್ಮಾನ. ಒಟ್ಟು 183 ಹೆಬ್ಬೆರಳು, ಎಲ್ಲ ಹೆಂಗಸರದ್ದೇ. 2004ರಲ್ಲಿ ಫಲಿತಾಂಶ ಪ್ರಕಟ ಆಯ್ತು: ಒಂದು ವರ್ಷದ ನಂತರ ನೋವು, ಬಲ, ಕೆಲಸ ಮಾಡುವ ಶಕ್ತಿ ಯಾವುದರಲ್ಲೂ ಮೂರು ಗುಂಪುಗಳ ನಡುವೆ ವ್ಯತ್ಯಾಸ ಇಲ್ಲ. 2012ರಲ್ಲಿ, 5ರಿಂದ 18 ವರ್ಷ ಕಳೆದವರನ್ನು ಮತ್ತೆ ನೋಡಿದರು. ಆಗಲೂ ಅದೇ. ಹಲವು ಪ್ರಯೋಗಗಳನ್ನು ಒಟ್ಟಿಗೆ ಅಳೆದ ಕಾಕ್ರೇನ್ ಪರಿಶೀಲನೆಯೂ ಯಾವ ಶಸ್ತ್ರಚಿಕಿತ್ಸೆಯೂ ಇನ್ನೊಂದಕ್ಕಿಂತ ಮೇಲು ಅಂತ ಹೇಳಲಿಲ್ಲ.

ಅಂದರೆ 1949ರ ಸರಳ ವಿಧಾನ ಐವತ್ತು ವರ್ಷದ ಜಾಣತನದ ಪಕ್ಕ ನಿಂತು ಸೋಲಲಿಲ್ಲ.

ಹಾಗಂತ ಶಸ್ತ್ರಚಿಕಿತ್ಸೆ ಬೇಡ ಅಂತಲ್ಲ. ಬೇಕಾದವರಿಗೆ ಅದು ನೋವಿಂದ ಬಿಡುಗಡೆ ಕೊಡುತ್ತೆ. ಆದರೆ ಅದು ಕೊನೆಯ ಮೆಟ್ಟಿಲು. ಅದಕ್ಕಿಂತ ಮುಂಚಿನ ಮೆಟ್ಟಿಲುಗಳನ್ನೂ ಹೀಗೇ ಪರೀಕ್ಷೆಗೆ ಒಡ್ಡಿದ್ದಾರೆ. 1951ರಿಂದ ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚುವ ಪದ್ಧತಿ ಇದೆ. 2004ರಲ್ಲಿ 40 ಜನರ ಪ್ರಯೋಗದಲ್ಲಿ ಹೆಬ್ಬೆರಳಿನ ಬುಡಕ್ಕೆ ಸ್ಟೀರಾಯ್ಡ್ ಕೊಟ್ಟವರಿಗೂ ಬರೀ ಉಪ್ಪುನೀರು ಕೊಟ್ಟವರಿಗೂ 24 ವಾರದ ನಂತರ ವ್ಯತ್ಯಾಸ ಕಾಣಲಿಲ್ಲ. ಪಕ್ಕದ ಡಿ ಕ್ವೆರ್ವೇನ್ ತೊಂದರೆಗೆ ಮಾತ್ರ ಅದೇ ಇಂಜೆಕ್ಷನ್ ಎಷ್ಟೋ ಜನರಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಎರಡನ್ನೂ ಬೇರೆ ಮಾಡಿ ಗುರುತಿಸೋದು ಯಾಕೆ ಮುಖ್ಯ ಅಂತ ಈಗ ಗೊತ್ತಾಯ್ತಲ್ಲ?

ಇನ್ನು 2009ರಲ್ಲಿ ಫ್ರಾನ್ಸಿನಲ್ಲಿ 112 ಜನರ ಪ್ರಯೋಗ ಆಯ್ತು. ಅಳತೆಗೆ ಮಾಡಿಸಿದ ಸ್ಪ್ಲಿಂಟ್, ಅಂದರೆ ಹೆಬ್ಬೆರಳಿಗೆ ಆಸರೆ ಕೊಡುವ ಪಟ್ಟಿ, ರಾತ್ರಿ ಮಾತ್ರ ಹಾಕಿಕೊಳ್ಳಬೇಕು. ಒಂದು ತಿಂಗಳಿಗೆ ಏನೂ ವ್ಯತ್ಯಾಸ ಇಲ್ಲ. ಹನ್ನೆರಡು ತಿಂಗಳಿಗೆ ನೋವು ಕಡಿಮೆ ಆಗಿತ್ತು. ಒಂದು ವಾರ ಹಾಕಿ 'ಇದು ವೇಸ್ಟ್' ಅಂತ ಮೂಲೆಗೆ ಎಸೆಯೋ ವಸ್ತು ಅಲ್ಲ ಅದು.

ಈಗ ನಿಮ್ಮ ಮನೆಗೆ ಬರೋಣ

ಇಷ್ಟು ಇತಿಹಾಸದಿಂದ ಇವತ್ತಿಗೆ ಉಪಯೋಗ ಏನು? ಮೂರು ಮಾತು ಹೇಳ್ತೀನಿ.

ಮೊದಲನೆಯದು ನಿಮಗೆ. ಇಪ್ಪತ್ತು-ಇಪ್ಪತ್ತೈದು ವಯಸ್ಸಿನಲ್ಲಿ ಫೋನ್ ಉಜ್ಜಿ ಉಜ್ಜಿ ಹೆಬ್ಬೆರಳ ಕಡೆ ನೋವು ಬಂದರೆ ಅದು ಸಂಧಿವಾತಕ್ಕಿಂತ ಸ್ನಾಯುರಜ್ಜಿನ ಸಿಟ್ಟು ಆಗಿರೋ ಸಾಧ್ಯತೆಯೇ ಹೆಚ್ಚು. ಮಗುವನ್ನು ದಿನವಿಡೀ ಎತ್ತುವ ಹೊಸ ತಾಯಂದಿರಿಗೂ ಇದೇ ಬರೋದು ಸಾಮಾನ್ಯ. ಫೋನ್ ಹಿಡಿದವರಿಗೆಲ್ಲ ಸಂಧಿವಾತ ಗ್ಯಾರಂಟಿ ಅನ್ನೋ ವಾಟ್ಸಾಪ್ ಫಾರ್ವರ್ಡ್ ಬಂದರೆ ಅಲ್ಲೇ ಬಿಡಿ.

ಎರಡನೆಯದು ಬೈಕ್ ಓಡಿಸುವವರಿಗೆ, ಕ್ರಿಕೆಟ್ ಆಡುವವರಿಗೆ. ಕೈ ಊರಿ ಬಿದ್ದ ಮೇಲೆ ಆ ನಶ್ಯದ ಗುಳಿಯಲ್ಲಿ ಒತ್ತಿದರೆ ನೋಯುತ್ತಾ? ಸ್ಕೇಫಾಯ್ಡ್ ಬಿರುಕು ಬಿಟ್ಟಿರಬಹುದು. ಮೊದಲ ದಿನದ ಎಕ್ಸ್-ರೇಯಲ್ಲಿ ಅದು ಕಾಣದೆಯೂ ಇರಬಹುದು, ಆದ್ದರಿಂದ ಡಾಕ್ಟರ್ ಮತ್ತೆ ಬನ್ನಿ ಅಂದರೆ ಹೋಗಿ. ಕೂಡದೇ ಉಳಿದ ಸ್ಕೇಫಾಯ್ಡ್, ಹರಿದ ಅಸ್ಥಿರಜ್ಜು ವರ್ಷಗಳ ನಂತರ ಮಣಿಕಟ್ಟನ್ನೇ ಸವೆಸ್ತವೆ. 1984ರಲ್ಲಿ ವಾಟ್ಸನ್ ಮತ್ತು ಬ್ಯಾಲೆ 4,000 ಮಣಿಕಟ್ಟು ಎಕ್ಸ್-ರೇ ನೋಡಿ, ಆ ಸವೆತ ಹೆಬ್ಬೆರಳಿನ ಕಡೆಯಿಂದಲೇ ಶುರುವಾಗಿ ಒಂದು ಕ್ರಮದಲ್ಲಿ ಹಬ್ಬುತ್ತೆ ಅಂತ ತೋರಿಸಿದ್ದಾರೆ.

ಮೂರನೆಯದು ಮನೆಯ ದೊಡ್ಡವರ ಬಗ್ಗೆ. ಡಾಕ್ಟರ್ ಹತ್ತಿರ ಕರ್ಕೊಂಡು ಹೋದಾಗ 'ಕೈ ನೋವು' ಅಂತ ಇಷ್ಟೇ ಹೇಳಬೇಡಿ. ಬೆರಳಿಟ್ಟು ಜಾಗ ತೋರಿಸೋಕೆ ಹೇಳಿ. ಯಾವ ಕೆಲಸ ಮಾಡಿದರೆ ನೋವು ಅಂತ ಹೇಳಿಸಿ: ಬೀಗದ ಕೈ ತಿರುಗಿಸೋದಾ, ಕುಕ್ಕರ್ ಮುಚ್ಚಳ ಹಾಕೋದಾ, ತೆಂಗಿನಕಾಯಿ ತುರಿಯೋದಾ? ಒಳ್ಳೆ ಡಾಕ್ಟರ್ ಹೆಬ್ಬೆರಳಿನ ಬುಡದ ಮೂಳೆಯನ್ನು ಹಿಡಿದು ಒತ್ತಿ ತಿರುಗಿಸಿ ನೋಡ್ತಾರೆ. ಅರೆಯೋ ಕಲ್ಲಿನ ಹಾಗೆ ಕರಕರ ಅಂದು ನೋವಾದರೆ ಕೀಲಿನ ಕಡೆ ಅನುಮಾನ. ಸ್ವಲ್ಪ ಮೇಲೆ, ಮಣಿಕಟ್ಟಿನ ಅಂಚಿನ ಮೂಳೆಯ ಮೇಲೆ ನೋವಾದರೆ ಸ್ನಾಯುರಜ್ಜಿನ ಕಡೆ. ಎಕ್ಸ್-ರೇ ಇವೆಲ್ಲ ಆದ ಮೇಲೆ.

ಕೀಲು ಸವೆತವೇ ಅಂತಾದರೆ ಕೆಲಸಗಳನ್ನು ಹಗುರ ಮಾಡೋದು, ಹೆಬ್ಬೆರಳಿನ ಸುತ್ತ ಬಲ ಬರುವ ವ್ಯಾಯಾಮ, ಸ್ಪ್ಲಿಂಟ್, ಹಚ್ಚುವ ನೋವಿನ ಜೆಲ್, ಇವು ಮೊದಲು. ನುಂಗುವ ಮಾತ್ರೆಗಿಂತ ಹಚ್ಚುವ ಜೆಲ್ ಮೊದಲು ನೋಡಿ ಅಂತ ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2018ರಲ್ಲೇ ಹೇಳಿದೆ. ಬಿಪಿ, ಕಿಡ್ನಿ, ಹೊಟ್ಟೆ ಹುಣ್ಣಿನ ತೊಂದರೆ ಇರುವ ನಮ್ಮ ಹಿರಿಯರಿಗೆ ಇದು ಸಣ್ಣ ವಿಷಯ ಅಲ್ಲ. ಮೆಡಿಕಲ್ ಶಾಪ್‌ನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿಸಬೇಡಿ.

ಸ್ಪ್ಲಿಂಟ್ ಹಾಕಿಕೊಂಡು ಬಟ್ಟೆ ಹಿಂಡೋಕೆ ಹೋದರೆ ಉಪಯೋಗ ಇಲ್ಲ ಅನ್ನೋದನ್ನೂ ಹೇಳಬೇಕು. ಆ ಬಕೆಟ್ ಇನ್ನು ಮೇಲೆ ನಿಮ್ಮ ಪಾಲಿಗೆ. ಕುಕ್ಕರ್ ಮುಚ್ಚಳವೂ ಅಷ್ಟೇ.

ಇವತ್ತಿನ ಎಪಿಸೋಡ್ ಮನೆಯವರಿಗೂ ಕೇಳಿಸಿ. ಇಂಥ ನೋವಿನ ಬಗ್ಗೆ ನಿಮ್ಮ ಮನೆಯಲ್ಲಿ ಯಾವ ಪದ ಬಳಸ್ತಾರೆ, ಉಳುಕು ಅಂತಾರಾ, ವಾಯು ಅಂತಾರಾ, ಬರೆದು ಕಳಿಸಿ. ಮುಂದಿನ ವಾರ ಸಿಗೋಣ.